ಮೊದಲು ‘ಏನು’, ಆಮೇಲೆ ‘ಎಷ್ಟು’

ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣೆಯ ದಂಡೆಯ ಊರು. ಅಲ್ಲಮಪ್ರಭುವಿನ ಗುಡಿಯಿಂದಾಗಿ ಸುತ್ತಲಿನವರಿಗೆಲ್ಲ ಪರಿಚಿತ. ಇಲ್ಲಿಂದ, ಮಾನ್ವಿಯ ಹಳ್ಳಿಗಳಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳಲ್ಲಿ ಹಲವರು ರಸಾಯನಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಧೈರ್ಯ ಕಳೆದುಕೊಳ್ಳುತ್ತಾರೆ. ದ್ರವ್ಯದ ವರ್ಗೀಕರಣವನ್ನು ಬಾಯಿಪಾಠ ಮಾಡುತ್ತಾರೆ, ಲೆಕ್ಕ ಬಂದರೆ ಪುಟ ತಿರುವುತ್ತಾರೆ. ಆದರೆ ಎರಡೂ ಒಂದೇ ಪಾಠ. ಎದುರಿಗಿರುವುದು ಏನೆಂದು ಗೊತ್ತಾಗದೆ ಅದು ಎಷ್ಟಿದೆ ಎಂದು ಹೇಳಲಾಗದು. ಈ ಸೀಮೆಯ ಹೊಳೆ, ಹೊಲ, ಗಣಿಗಳನ್ನೇ ಇಟ್ಟುಕೊಂಡು ಕಲಿತರೆ ಅಧ್ಯಾಯ ಹಿಡಿತಕ್ಕೆ ಬರುತ್ತದೆ.

1. ಒಂದು ಗ್ಲಾಸು ಹೊಳೆನೀರಿನಿಂದ ಶುರುಮಾಡಿ.

ಮಳೆಗಾಲದ ಕೃಷ್ಣೆಯ ಕೆಂಪು ನೀರನ್ನು ರಾತ್ರಿಯಿಡೀ ಅಲುಗಿಸದೆ ಇಡಿ. ತಳದಲ್ಲಿ ಮಣ್ಣು ಕೂರುತ್ತದೆ. ಅಂದರೆ ಅದು ಭಿನ್ನರೂಪ ಮಿಶ್ರಣ. ಮೇಲಿನ ತಿಳಿನೀರನ್ನು ಬಗ್ಗಿಸಿ, ಪೂರ್ತಿ ಇಂಗುವವರೆಗೆ ಕಾಯಿಸಿ. ಪಾತ್ರೆಯಲ್ಲಿ ಬಿಳಿ ಕರೆ ಉಳಿಯುತ್ತದೆ, ಅದು ಕರಗಿದ್ದ ಲವಣ. ಹಾಗಾದರೆ ಕಣ್ಣಿಗೆ ಶುದ್ಧವಾಗಿ ಕಂಡ ತಿಳಿನೀರೂ ಮಿಶ್ರಣವೇ, ಸಮರೂಪದ್ದು. ಆವಿಯಾಗಿ ಹೋದ ನೀರು ಸಂಯುಕ್ತ. ಅದಕ್ಕೆ ವಿದ್ಯುತ್ ಹಾಯಿಸಿ ಒಡೆದರೆ ಬರುವ ಹೈಡ್ರೋಜನ್, ಆಕ್ಸಿಜನ್ ಧಾತುಗಳು. ಸೋಸುವುದು, ಕಾಯಿಸುವುದು ಇಂಥ ಭೌತಿಕ ವಿಧಾನದಿಂದ ಬೇರ್ಪಡುತ್ತದೆಯೇ? ಇಲ್ಲವಾದರೆ, ರಾಸಾಯನಿಕ ಕ್ರಿಯೆಯಿಂದ ಒಡೆಯುತ್ತದೆಯೇ? ಯಾವ ವಸ್ತುವನ್ನು ಕೊಟ್ಟರೂ ಈ ಎರಡು ಪ್ರಶ್ನೆ ಕೇಳಿ, ಅದರ ಜಾತಿ ತಾನಾಗಿ ತಿಳಿಯುತ್ತದೆ.

ಇದು ಬರೀ ಪರೀಕ್ಷೆಯ ಮಾತಲ್ಲ. ರಾಯಚೂರು ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಕರಗಿರುವುದರಿಂದ ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ. ಕಾಯಿಸಿದರೆ ನೀರಷ್ಟೇ ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡಿನ ಪ್ರಮಾಣ ಇನ್ನೂ ಏರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 1.5. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 3 ಲೀಟರ್ ಕುಡಿದರೆ ಮೈಗೆ ಸೇರುವುದು 9 ಮಿಲಿಗ್ರಾಂ. ಇಷ್ಟು ಲೆಕ್ಕವನ್ನು ಮನೆಯವರಿಗೆ ಬಿಡಿಸಿ ಹೇಳಬಲ್ಲ ಮಗು ರಸಾಯನಶಾಸ್ತ್ರ ಕಲಿತಂತೆಯೇ.

2. ಏಕಮಾನ ಬಿಟ್ಟು ಅಂಕಿ ಬರೆಯಬೇಡಿ.

ನಾರಾಯಣಪುರದ ಬಸವಸಾಗರದಿಂದ 1 ಲಕ್ಷ ಕ್ಯೂಸೆಕ್ ನೀರು ಬಿಟ್ಟರು ಎಂಬ ಸುದ್ದಿ ಬಂದರೆ ನದಿಪಾತ್ರದ ಊರುಗಳೆಲ್ಲ ಎಚ್ಚರಗೊಳ್ಳುತ್ತವೆ. ಒಂದು ದಿನಕ್ಕೆ ಅದು ಎಷ್ಟು ನೀರು? ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ದಿನಕ್ಕೆ 86,400 ಸೆಕೆಂಡು. ಗುಣಿಸಿದಾಗ ‘ಸೆಕೆಂಡು’ ಹೊಡೆದುಹೋಗಿ ಘನ ಅಡಿ ಉಳಿಯುತ್ತದೆ: 864 ಕೋಟಿ ಘನ ಅಡಿ. ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ. ಉತ್ತರ 8.64 ಟಿಎಂಸಿ.

ಸಾಂದ್ರತೆಯ ಲೆಕ್ಕವೂ ಇದೇ ಜಾಡಿನದು. ಏಕಮಾನಗಳನ್ನು ಮೇಲೆ ಕೆಳಗೆ ಬರೆದು ಹೊಡೆದುಹಾಕಿ. ಬೇಕಾದ ಏಕಮಾನ ಉಳಿಯದಿದ್ದರೆ ಗುಣಿಸಬೇಕಾದಲ್ಲಿ ಭಾಗಿಸಿದ್ದೀರಿ ಎಂದೇ ತಿಳಿಯಿರಿ.

3. ಸಾಧನ ಹೇಳಿದ್ದಕ್ಕಿಂತ ಹೆಚ್ಚು ಹೇಳಬೇಡಿ.

ಅಕ್ಕಸಾಲಿಗರ ತಕ್ಕಡಿ ಮಿಲಿಗ್ರಾಂ ತೋರಿಸುತ್ತದೆ, ಭತ್ತದ ಲಾರಿ ತೂಗುವ ವೇಬ್ರಿಜ್ ಕಿಲೋಗಳ ಹಂತದಲ್ಲೇ ನಿಲ್ಲುತ್ತದೆ. ಎರಡಕ್ಕೂ ಅದರದರ ಮರ್ಯಾದೆ ಇದೆ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. 10.0 ಗ್ರಾಂ ಚಿನ್ನದ ಗಾತ್ರ ಕೇಳಿದರೆ ಕ್ಯಾಲ್ಕ್ಯುಲೇಟರ್ 0.51813471 ಎನ್ನುತ್ತದೆ. ಕೊಟ್ಟ ಅಳತೆಗಳಲ್ಲಿ ಮೂರೇ ಸಾರ್ಥಕ ಅಂಕಿಗಳಿವೆ. ಹಾಗಾಗಿ 0.518 ಘನ ಸೆಂಟಿಮೀಟರ್ ಎಂದು ಬರೆದು ನಿಲ್ಲಿಸಿ.

ನಮ್ಮದೇ ಜಿಲ್ಲೆಯ ಹಟ್ಟಿಯಲ್ಲಿ ಈ ಚಿನ್ನ ಬಂಡೆಯೊಳಗೆ ಟನ್ನಿಗೆ ಕೆಲವೇ ಗ್ರಾಂನಷ್ಟು ಹರಡಿಕೊಂಡಿದೆ. ಟನ್ನಿಗೆ ಒಂದು ಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ, ಅದೇ ಪಿಪಿಎಂ. ಅದಿರು ಮಿಶ್ರಣ, ಶುದ್ಧ ಚಿನ್ನ ಧಾತು. 22 ಕ್ಯಾರೆಟ್ಟಿನ ಬಳೆಯಲ್ಲಿ 24 ಭಾಗಕ್ಕೆ 22 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ. ಎಲ್ಲಿ ಕತ್ತರಿಸಿದರೂ ಒಂದೇ ಸಮ, ಆದ್ದರಿಂದ ಸಮರೂಪ ಮಿಶ್ರಣ.

4. ಪರಮಾಣು ರಾಶಿ ಹತ್ತು ಸಾಕು.

ಹೈಡ್ರೋಜನ್ 1, ಕಾರ್ಬನ್ 12, ನೈಟ್ರೋಜನ್ 14, ಆಕ್ಸಿಜನ್ 16, ಸೋಡಿಯಂ 23, ರಂಜಕ 31, ಗಂಧಕ 32, ಕ್ಲೋರಿನ್ 35.5, ಪೊಟ್ಯಾಸಿಯಂ 39, ಕ್ಯಾಲ್ಸಿಯಂ 40. ಮೊದಲ ಅಧ್ಯಾಯದ ಬಹುಪಾಲು ಲೆಕ್ಕ ಇಷ್ಟರಲ್ಲೇ ಮುಗಿಯುತ್ತದೆ.

5. ಕನ್ನಡ ಮಾಧ್ಯಮದಿಂದ ಬಂದವರು ಜೋಡಿ ಪದಗಳ ಪಟ್ಟಿ ಮಾಡಿಕೊಳ್ಳಿ.

ರಾಶಿಗೆ ಮಾಸ್, ಗಾತ್ರಕ್ಕೆ ವಾಲ್ಯೂಮ್, ಸಂಯುಕ್ತಕ್ಕೆ ಕಾಂಪೌಂಡ್. ಮೊದಲ ತಿಂಗಳಲ್ಲೇ ಮಾಡಿ. ಗೊತ್ತಿದ್ದ ವಿಷಯವೇ ಹೊಸ ಹೆಸರಿನಲ್ಲಿ ಬಂದಾಗ ಬೆದರುವುದು ತಪ್ಪುತ್ತದೆ.

6. ಗ್ರಾಂನಿಂದ ಗ್ರಾಂಗೆ ನೇರ ಹಾರಬೇಡಿ, ಮೋಲ್ ಮೂಲಕ ಹೋಗಿ.

ಮೋಲ್ ಒಂದು ಎಣಿಕೆ. 2019ರ ಮೇ 20ರಿಂದ ಅದರ ಬೆಲೆ ನಿಖರವಾಗಿ 6.02214076 × 10²³ ಎಂದು ನಿಗದಿಯಾಗಿದೆ. ಗೂಗಲ್‌ನಿಂದ ಹೊಳೆಗುಂಟ ಕೆಳಗೆ ಹೋದರೆ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಸಿಗುತ್ತದೆ. ಅಲ್ಲಿ ಉರಿಯುವ ಕಲ್ಲಿದ್ದಲು ಮಿಶ್ರಣ, ಬೂದಿಯಾಗುವ ಪಾಲೂ ಅದರಲ್ಲಿದೆ. ಕಾರ್ಬನ್ನಿನ ಭಾಗವನ್ನಷ್ಟೇ ತೆಗೆದುಕೊಳ್ಳಿ. ಒಂದು ಮೋಲ್ ಕಾರ್ಬನ್ ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ. ಅಂದರೆ 12 ಗ್ರಾಂ ಉರಿದರೆ 44 ಗ್ರಾಂ. ಹೆಚ್ಚಿದ 32 ಗ್ರಾಂ ಗಾಳಿಯ ಆಕ್ಸಿಜನ್.

7. ಗೊಬ್ಬರದ ಚೀಲ ಓದಿ.

ಭತ್ತ, ಹತ್ತಿ ಬೆಳೆಯುವ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಯೂರಿಯಾ ಸಂಯುಕ್ತ. ಅದರ ಅಣುವಿನಲ್ಲಿ ಕಾರ್ಬನ್ 12, ಆಕ್ಸಿಜನ್ 16, ಎರಡು ನೈಟ್ರೋಜನ್ 28, ನಾಲ್ಕು ಹೈಡ್ರೋಜನ್ 4. ಒಟ್ಟು 60. ನೈಟ್ರೋಜನ್ ಪಾಲು 60ಕ್ಕೆ 28, ಶೇ 46.7. ಚೀಲದ ಮೇಲೆ ಅಚ್ಚಾಗಿರುವ 46 ಎಲ್ಲಿಂದ ಬಂತೆಂದು ತಿಳಿಯಿತಲ್ಲ! ಅಚ್ಚಾದ ಆ 46ರ ಲೆಕ್ಕದಲ್ಲಿ 45 ಕಿಲೋ ಚೀಲದಲ್ಲಿ ನೈಟ್ರೋಜನ್ 20.7 ಕಿಲೋ.

ಡಿಎಪಿ ಚೀಲದ ಮೇಲೆ 18-46 ಎಂದಿದೆ. 18 ನೈಟ್ರೋಜನ್. ಈ 46 ರಂಜಕ ಎಂದು ಬಹಳ ಜನ ನಂಬಿದ್ದಾರೆ. ಅದು ರಂಜಕದ ಪೆಂಟಾಕ್ಸೈಡ್ ಲೆಕ್ಕದಲ್ಲಿ ಹೇಳಿದ ಅಂಕಿ. ಪೆಂಟಾಕ್ಸೈಡ್ ಆ ಚೀಲದಲ್ಲಿ ಇರುವುದೇ ಇಲ್ಲ, ಹಾಗೆ ಲೆಕ್ಕ ಕೊಡುವುದು ಗೊಬ್ಬರ ವ್ಯಾಪಾರದ ಹಳೆಯ ರೂಢಿ. ಅದರ 142 ಭಾಗದಲ್ಲಿ ರಂಜಕ 62. ಆದ್ದರಿಂದ ನಿಜವಾದ ರಂಜಕ ಶೇ 20ರ ಆಸುಪಾಸು, 50 ಕಿಲೋ ಚೀಲಕ್ಕೆ 10 ಕಿಲೋ. ಎರಡೂ ಚೀಲದ ಮೇಲೆ ಒಂದೇ 46 ಇದೆ, ಒಂದೊಂದು ಒಂದೊಂದರ ಲೆಕ್ಕ. ಯಾವುದರ 46 ಎಂದು ಕೇಳದವರು ಇಲ್ಲಿ ಎಡವುತ್ತಾರೆ.

ಈಗ ನೀವೇ ಮಾಡಿ. ಎಕರೆಗೆ 40 ಕಿಲೋ ನೈಟ್ರೋಜನ್ ಬೇಕು ಅಂತಿಟ್ಟುಕೊಳ್ಳಿ. ಅಪ್ಪ ಆಗಲೇ ಒಂದು ಚೀಲ ಡಿಎಪಿ ಹಾಕಿದ್ದಾರೆ, ಅದರಿಂದ ಬಂದದ್ದು 9 ಕಿಲೋ. ಉಳಿದ 31 ಕಿಲೋವನ್ನು 20.7ರಿಂದ ಭಾಗಿಸಿ. ಯೂರಿಯಾ ಒಂದೂವರೆ ಚೀಲ ಸಾಕು.