ಆಟೋಮ್ಯಾಟಿಕ್ ಕಾರಿಗೂ ಗೇರ್ ಹಾಕಬೇಕೇ?

ಚಳ್ಳಕೆರೆ, ಮೊಳಕಾಲ್ಮುರು ಸುತ್ತಮುತ್ತ ಕಾರು ಓಡಿಸುವವರಿಗೆ ಗೇರಿನ ಚಿಂತೆ ಹೆಚ್ಚಿಲ್ಲ. ನಮ್ಮದು ಬಯಲುಸೀಮೆ, ರಸ್ತೆ ಬಹುಪಾಲು ಸಮತಟ್ಟು. ಹಾಗಾಗಿ ಆಟೋಮ್ಯಾಟಿಕ್ ಕಾರು ಕೊಂಡವರು ಲಿವರನ್ನು ‘ಡಿ’ಗೆ ಹಾಕಿ ಆಕ್ಸಿಲರೇಟರ್ ಒತ್ತಿದರೆ ಸಾಕು ಎಂದುಕೊಳ್ಳುತ್ತಾರೆ. ಊರೊಳಗೆ ಅದು ಸರಿ. ಆದರೆ ಅದೇ ಕಾರು ಮದುವೆಗೋ ಆಸ್ಪತ್ರೆಗೋ ಉಡುಪಿ, ಮಂಗಳೂರು ಕಡೆ ಹೊರಟರೆ ಆಗುಂಬೆ, ಚಾರ್ಮಾಡಿಯಂಥ ಒಂದು ಘಾಟಿ ಇಳಿಯಲೇಬೇಕು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಬರೀ ಬ್ರೇಕ್ ನಂಬಿ ಇಳಿಯುವುದು ಅಪಾಯ. ಲಿವರಿನ ಪಕ್ಕದ ಪ್ಲಸ್, ಮೈನಸ್ ಗುರುತುಗಳು ಬಹಳ ಉಪಯೋಗಕ್ಕೆ ಬರುವುದು ಇಂಥ ಕಡೆಯೇ.

ಯಂತ್ರಕ್ಕೆ ತಿಳಿಯುವುದು, ತಿಳಿಯದಿರುವುದು

ಗೇರ್ ಸೈಕಲ್ ತುಳಿದವರಿಗೆ ಗೇರಿನ ತತ್ವ ಗೊತ್ತು. ಕೆಳಗಿನ ಗೇರಿನಲ್ಲಿ ಎಳೆಯುವ ಬಲ ಹೆಚ್ಚು, ವೇಗ ಕಡಿಮೆ. ಮೇಲಿನ ಗೇರಿನಲ್ಲಿ ಇದರ ತಿರುವುಮುರುವು. ಆಟೋಮ್ಯಾಟಿಕ್ ಕಾರಿನಲ್ಲಿ ಈ ಆಯ್ಕೆಯನ್ನು ಕಂಪ್ಯೂಟರ್ ಮಾಡುತ್ತದೆ. ಕಾರಿನ ವೇಗ, ಎಂಜಿನ್ ತಿರುಗುವ ವೇಗ, ಆಕ್ಸಿಲರೇಟರನ್ನು ಎಷ್ಟು ಒತ್ತಿದ್ದೇವೆ ಎಂಬುದನ್ನು ನೋಡಿ ಅದು ಗೇರ್ ಬದಲಿಸುತ್ತದೆ. ಆದರೆ ಮುಂದಿನ ತಿರುವು, ಇಳಿಜಾರು, ಎದುರಿಗೆ ಬರುವ ಲಾರಿ ಅದಕ್ಕೆ ಕಾಣುವುದಿಲ್ಲ. ಅವು ಕಾಣುವುದು ಚಾಲಕನಿಗೆ. ಅದಕ್ಕೇ ಕೊನೆಯ ಮಾತು ಅವನ ಕೈಯಲ್ಲಿರಲಿ ಎಂದು ಕಂಪನಿಗಳು ಮ್ಯಾನುಯಲ್ ಮೋಡ್ ಇಟ್ಟಿವೆ. ಪೋರ್ಷೆ ಕಂಪನಿ 1989ರಲ್ಲೇ ಟಿಪ್‌ಟ್ರಾನಿಕ್ ಎಂಬ ಹೆಸರಿನಲ್ಲಿ ಇದನ್ನು ತಂದಿತು. ನಮ್ಮ ದೇಶದಲ್ಲಿ 2014ರಲ್ಲಿ ಬಂದ ಮಾರುತಿ ಸೆಲೆರಿಯೊ ಎಎಂಟಿ ಗೇರನ್ನು ಸಾಮಾನ್ಯ ಕುಟುಂಬಗಳ ಕೈಗೆಟುಕುವಂತೆ ಮಾಡಿತು. ಎಎಂಟಿಯೊಳಗೆ ಇರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ.

ಇಳಿಜಾರಿನ ಲೆಕ್ಕ

ಕಾಮರ್ಸ್ ವಿದ್ಯಾರ್ಥಿಯಾದ ನಾನು ಈ ಲೆಕ್ಕವನ್ನು ವಿಜ್ಞಾನ ವಿಭಾಗದ ಗೆಳೆಯನ ಜೊತೆ ಕೂತು ಮಾಡಿದೆ. ಜನರೂ ಸೇರಿ 1,200 ಕಿಲೋ ತೂಗುವ ಕಾರು 400 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 47 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. 15 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು! ಬ್ರೇಕ್ ಒತ್ತಿಕೊಂಡೇ ಇಳಿದರೆ ಇದರ ಬಹುಪಾಲು ಬ್ರೇಕಿನಲ್ಲೇ ಶಾಖವಾಗುತ್ತದೆ. ಪ್ಯಾಡ್ ಕಾದಷ್ಟೂ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಬ್ರೇಕ್ ಆರಲು ಬಿಡಬೇಕು.

ಕೆಳಗಿನ ಗೇರಿನಲ್ಲಿ ಇಳಿದರೆ ಚಕ್ರಗಳೇ ಎಂಜಿನನ್ನು ತಿರುಗಿಸಬೇಕಾಗುತ್ತದೆ. ಎಂಜಿನ್ ಅದಕ್ಕೆ ಎದುರು ನಿಂತು ಕಾರನ್ನು ತಡೆಯುತ್ತದೆ. ಇದೇ ಎಂಜಿನ್ ಬ್ರೇಕಿಂಗ್. ಬಾಡಿಗೆ ಕಾರು ಓಡಿಸುವ ನಮ್ಮ ಮಾಮು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: “ಯಾವ ಗೇರಿನಲ್ಲಿ ಹತ್ತುತ್ತೀಯೋ, ಅದೇ ಗೇರಿನಲ್ಲಿ ಇಳಿ.”

ಮಾಡುವುದು ಹೇಗೆ?

1. ಇಳಿಜಾರು ಶುರುವಾಗುವ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ. ಲಿವರನ್ನು ‘ಡಿ’ಯಿಂದ ಪಕ್ಕದ ‘ಎಂ’ಗೆ ಸರಿಸಿ. ಇದಕ್ಕೆ ಕಾರು ನಿಲ್ಲಿಸಬೇಕಿಲ್ಲ.
2. ಮೈನಸ್ ಕಡೆ ಒಮ್ಮೆ ತಳ್ಳಿದರೆ ಒಂದು ಗೇರ್ ಕೆಳಗೆ. ಪ್ಲಸ್ ಕಡೆ ತಳ್ಳಿದರೆ ಒಂದು ಗೇರ್ ಮೇಲೆ. ಕೆಲವು ಕಾರುಗಳಲ್ಲಿ ಈ ಕೆಲಸಕ್ಕೆ ಸ್ಟೀರಿಂಗ್ ಹಿಂದೆ ಪ್ಯಾಡಲ್‌ಗಳಿರುತ್ತವೆ.
3. ಕಡಿದಾದ ತಿರುವುಗಳಲ್ಲಿ ಎರಡನೇ ಅಥವಾ ಒಂದನೇ ಗೇರ್ ಬೇಕಾಗಬಹುದು. ಬ್ರೇಕನ್ನು ಬಿಟ್ಟು ಬಿಟ್ಟು ಬಳಸಿ.
4. ಎಂಜಿನ್ ಮಿತಿ ಮೀರಿ ತಿರುಗುವಷ್ಟು ವೇಗವಿದ್ದರೆ ಕಂಪ್ಯೂಟರ್ ಕೆಳಗಿನ ಗೇರನ್ನು ಒಪ್ಪುವುದಿಲ್ಲ. ಆಗ ಇನ್ನಷ್ಟು ವೇಗ ಇಳಿಸಿ ಮತ್ತೆ ಪ್ರಯತ್ನಿಸಿ.
5. ಸಿವಿಟಿ ಕಾರಿನಲ್ಲಿ ಹಲ್ಲಿನ ಗೇರುಗಳ ಬದಲು ಬೆಲ್ಟ್ ಮತ್ತು ರಾಟೆ ಇರುತ್ತವೆ. ಅದರಲ್ಲಿ ‘ಎಲ್’ ಅಥವಾ ‘ಬಿ’ ಇದ್ದರೆ ಇಳಿಜಾರಿಗೆ ಅದನ್ನು ಬಳಸಬೇಕು.

ಇಳಿಜಾರಿಗೆ ಮಾತ್ರವಲ್ಲ, ಬಳ್ಳಾರಿ ಹೆದ್ದಾರಿಯಲ್ಲಿ ಲಾರಿ ದಾಟುವಾಗಲೂ ಇದು ಉಪಯುಕ್ತ. ಎಎಂಟಿ ಗೇರ್ ಬದಲಿಸಲು ಅರೆಕ್ಷಣ ತಡಮಾಡುತ್ತದೆ. ಮೊದಲೇ ಒಂದು ಗೇರ್ ಇಳಿಸಿಕೊಂಡರೆ ಎದುರು ಪಥದಲ್ಲಿ ಆ ತಡ ಆಗುವುದಿಲ್ಲ.

ಉಳಿತಾಯವಲ್ಲದ ಉಳಿತಾಯ

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಇಂದಿನ ಕಾರುಗಳ ಮಟ್ಟಿಗೆ ಇದು ತಪ್ಪು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಕಂಪ್ಯೂಟರ್ ಎಂಜಿನ್‌ಗೆ ಇಂಧನ ಹೋಗುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆಫ್ ಆಗದಿರಲು ಇಂಧನ ಬೇಕೇ ಬೇಕು. ಅಂದರೆ ಪೆಟ್ರೋಲೂ ಉಳಿಯಲಿಲ್ಲ, ಎಂಜಿನ್ ಬ್ರೇಕಿಂಗೂ ಸಿಗಲಿಲ್ಲ. ಲಾಭವಿಲ್ಲದ ಕಡೆ ಜೀವವನ್ನು ಬಂಡವಾಳ ಹೂಡಿದಂತೆ. ಹಾಗೆಯೇ ಎಎಂಟಿ ಕಾರನ್ನು ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನಿಲ್ಲಿಸಿಕೊಂಡರೆ ಕ್ಲಚ್ ಸುಡುತ್ತದೆ. ಅಲ್ಲಿ ಬ್ರೇಕ್ ಹಿಡಿಯಬೇಕು.

ಗೆಳೆಯರೇ, ನಮ್ಮಲ್ಲಿ ಬಹಳ ಮಂದಿಗೆ ಇನ್ನೂ 18 ತುಂಬಿಲ್ಲ. ಕಾರಿಗೆ ಕ್ಲಚ್ ಇಲ್ಲ, ಸುಲಭ ಎಂದು ಕೀಲಿ ತೆಗೆದುಕೊಂಡು ಹೋಗುವಂತಿಲ್ಲ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಆಗಬಹುದು. ಆದರೆ ಕಲಿಯುವುದಕ್ಕೆ, ಕಲಿತದ್ದನ್ನು ಹೇಳುವುದಕ್ಕೆ ವಯಸ್ಸಿನ ಅಡ್ಡಿಯಿಲ್ಲ. ಮನೆಯವರು ಘಾಟಿ ಕಡೆ ಹೊರಟಾಗ ಪಕ್ಕದ ಸೀಟಿನಲ್ಲಿ ಕೂತು ‘ಎಂ’ ಎಲ್ಲಿದೆ ಎಂದು ತೋರಿಸಿಕೊಡಿ.