ಅಂಬಾಸಿಡರ್ ಗಲಗಲ ಅನ್ನುತ್ತಿದೆಯೇ? ಚೈನು ನೋಡಿ

ಮಂಗಳೂರಿನ ಹಂಚಿನ ಮನೆಗಳ ಅಂಗಳದಲ್ಲಿ ಅಲ್ಲೊಂದು ಇಲ್ಲೊಂದು ಅಂಬಾಸಿಡರ್ ಈಗಲೂ ನಿಂತಿದೆ. ಅದನ್ನು ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಕೆಲಸ ನಿಲ್ಲಿಸಿತು. ಗಾಡಿ ಮಾತ್ರ ಭಾನುವಾರ ಚರ್ಚಿಗೋ ಕದ್ರಿ ದೇವಸ್ಥಾನಕ್ಕೋ ಹೊರಡುತ್ತದೆ. ಆಟಿಯ ಮಳೆಗೆ ಟರ್ಪಾಲಿನಡಿ ಮಲಗಿದ್ದ ಗಾಡಿ ಎದ್ದಾಗ ರೇಡಿಯೇಟರ್ ಹಿಂದಿನಿಂದ ಗಲಗಲ ಸದ್ದು ಬಂದರೆ ಟೈಮಿಂಗ್ ಚೈನಿನ ಮೇಲೆ ಅನುಮಾನಪಡಿ.

ಇಲ್ಲಿ ಬರೆದಿರುವುದು 1489 ಸಿಸಿ ಪೆಟ್ರೋಲ್ ಎಂಜಿನಿಗೆ ಮಾತ್ರ. ಡೀಸೆಲ್ ಮತ್ತು ಇಸುಜು ಎಂಜಿನಿನವರು ಇದನ್ನು ಓದಿ ಸ್ಪಾನರ್ ಹಿಡಿಯಬೇಡಿ.

ಸದ್ದು ಬಂತೆಂದು ತಕ್ಷಣ ಬಿಚ್ಚಲು ಹೋಗಬೇಡಿ. ಚೈನನ್ನು ಬಿಗಿಹಿಡಿಯುವ ಟೆನ್ಷನರಿಗೆ ಎಂಜಿನ್ ಆಯಿಲಿನ ಒತ್ತಡವೂ ಬೇಕು. ಹಾಗಾಗಿ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡು ಸದ್ದಾಗಿ ನಿಂತರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಐಡ್ಲಿಂಗಿನಲ್ಲಿ ಮುಂದುವರಿದರೆ ಫ್ಯಾನ್ ಬೆಲ್ಟ್ ಕಳಚಿ ಅರ್ಧ ನಿಮಿಷ ಓಡಿಸಿ. ಸದ್ದು ಹೋಯಿತೇ? ಕಳ್ಳ ವಾಟರ್ ಪಂಪೋ ಡೈನಮೋವೋ ಇರಬೇಕು.

ಹೋಗದಿದ್ದರೆ ಎಂಜಿನ್ ಆಫ್ ಮಾಡಿ, ಬ್ಯಾಟರಿ ಅರ್ಥ್ ವೈರು ಬಿಚ್ಚಿ, ತಣ್ಣಗಾದ ಮೇಲೆ ಪ್ಲಗ್ಗುಗಳನ್ನೂ ತೆಗೆಯಿರಿ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆರೆದು ಟಾಪ್ ಗೇರಿಗೆ ಹಾಕಿ. ಸಮತಟ್ಟು ಜಾಗದಲ್ಲಿ ಒಬ್ಬರು ಗಾಡಿಯನ್ನು ಮೆಲ್ಲಗೆ ಹಿಂದೆ ಮುಂದೆ ತಳ್ಳಲಿ, ಇನ್ನೊಬ್ಬರು ರೋಟರ್ ನೋಡಲಿ. ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಕ್ರ್ಯಾಂಕ್ ಪುಲ್ಲಿ ಎದ್ದು ಕಾಣುವಷ್ಟು ತಿರುಗಿದರೂ ರೋಟರ್ ಕದಲದಿದ್ದರೆ ಚೈನಿನ ಕವರ್ ತೆಗೆಯಲೇಬೇಕು.

ನಮ್ಮ ಉಪ್ಪುಗಾಳಿಯ ಊರಿನಲ್ಲಿ ಕವರಿನ ಸಣ್ಣ ಬೋಲ್ಟುಗಳದೇ ದೊಡ್ಡ ರಗಳೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಬಲ ಹಾಕಿದರೆ ತಲೆ ಕೈಗೆ ಬರುತ್ತದೆ. ಬೋಲ್ಟುಗಳು ಎರಡು ಅಳತೆಯವು. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಯಾವುದು ಎಲ್ಲಿಯದೋ ಅಲ್ಲೇ ಚುಚ್ಚಿಡಿ.

ರೇಡಿಯೇಟರ್ ಇಳಿಸಿ. ಪುಲ್ಲಿಯಲ್ಲಿ ಸ್ಟಾರ್ಟಿಂಗ್ ಹ್ಯಾಂಡಲ್ ಸಿಕ್ಕಿಸುವ ದೊಡ್ಡ ನಟ್ಟಿನ ಲಾಕ್ ವಾಷರ್ ಮಡಿಕೆ ಬಿಡಿಸಿ. ಟಾಪ್ ಗೇರಿನಲ್ಲೇ ಒಬ್ಬರು ಬ್ರೇಕ್ ತುಳಿದು ಕೂತರೆ ನಟ್ಟು ಬಿಚ್ಚಲು ಬರುತ್ತದೆ. ಪುಲ್ಲಿ, ಕವರ್, ಆಯಿಲ್ ಎರಚುವ ತಟ್ಟೆ ಇವಿಷ್ಟು ತೆಗೆದರೆ ಎರಡು ಸಾಲಿನ ಚೈನು ಕಾಣುತ್ತದೆ. ತಟ್ಟೆಯ ಯಾವ ಮುಖ ಹೊರಗಿತ್ತು ಎಂದು ಫೋಟೊ ಹೊಡೆದಿಡಿ.

ಈಗ ಅವಸರ ಬೇಡ. ಎರಡು ಸ್ಪ್ರಾಕೆಟಿನಲ್ಲೂ ಒಂದೊಂದು ಚುಕ್ಕಿ ಇದೆ. ಅವು ಎದುರುಬದುರಾಗುವ ತನಕ ಎಂಜಿನ್ ತಿರುಗಿಸಿ. ಆಗ ಕ್ರ್ಯಾಂಕಿನ ಕೀ ಗಡಿಯಾರದ ಹನ್ನೆರಡರ ಜಾಗದಲ್ಲಿ, ಕ್ಯಾಮಿನ ಕೀ ಸುಮಾರು ಒಂದರ ಜಾಗದಲ್ಲಿ ಇರುತ್ತದೆ. ಟೆನ್ಷನರ್ ತಳದ ಪ್ಲಗ್ ತೆಗೆದು 1/8 ಇಂಚಿನ ಅಲೆನ್ ಕೀ ತೂರಿಸಿ ಬಲಕ್ಕೆ ತಿರುಗಿಸಿದರೆ ರಬ್ಬರ್ ತಲೆ ಹಿಂದೆ ಸರಿದು ಲಾಕ್ ಆಗುತ್ತದೆ. ಎಡಕ್ಕೆ ಎಂದೂ ತಿರುಗಿಸಬೇಡಿ. ಕ್ಯಾಮ್ ನಟ್ಟು ಬಿಚ್ಚಿ, ಎರಡೂ ಸ್ಪ್ರಾಕೆಟ್ಟನ್ನು ಚೈನಿನ ಜೊತೆಗೇ ಸ್ವಲ್ಪ ಸ್ವಲ್ಪವಾಗಿ ಹೊರಗೆಳೆಯಿರಿ. ಕ್ರ್ಯಾಂಕ್ ಸ್ಪ್ರಾಕೆಟ್ ಹಿಂದಿನ ತೆಳು ವಾಷರ್‌ಗಳನ್ನು ಕಳೆದುಕೊಳ್ಳಬೇಡಿ, ಎರಡೂ ಸ್ಪ್ರಾಕೆಟ್ಟನ್ನು ಒಂದೇ ಗೆರೆಯಲ್ಲಿ ನಿಲ್ಲಿಸುವುದು ಅವೇ.

ಹಲ್ಲುಗಳು ಮೀನಿನ ಗಾಳದಂತೆ ಬಾಗಿದ್ದರೆ ಸ್ಪ್ರಾಕೆಟ್ಟೂ ಹೊಸದೇ ಆಗಬೇಕು. ಸವೆದ ಹಲ್ಲಿಗೆ ಹೊಸ ಚೈನು ಹಾಕುವುದು ದುಡ್ಡು ದಂಡ. ಟೆನ್ಷನರಿನ ರಬ್ಬರಿನಲ್ಲಿ ಚೈನಿನ ಗೀರು ಆಳವಾಗಿ ಕೂತಿದ್ದರೆ ಅದನ್ನೂ ಬದಲಿಸಿ.

ಹೊಸ ಚೈನಿಗೆ ಎಣ್ಣೆ ಸವರಿ, ಚುಕ್ಕಿಗಳು ಎದುರುಬದುರಾಗುವಂತೆ ಸ್ಪ್ರಾಕೆಟ್ಟುಗಳಿಗೆ ತೊಡಿಸಿ, ಒಟ್ಟಿಗೇ ಒಳಗೆ ಸರಿಸಿ. ಸ್ಟೀಲ್ ಸ್ಕೇಲ್ ಅಡ್ಡ ಹಿಡಿದು ಎರಡೂ ಒಂದೇ ಮಟ್ಟದಲ್ಲಿವೆಯೇ ನೋಡಿ. ಟೆನ್ಷನರನ್ನು ಮತ್ತೆ ಬಲಕ್ಕೆ ತಿರುಗಿಸಿದರೆ ತಲೆ ಮುಂದೆ ಬಂದು ಚೈನನ್ನು ಒತ್ತುತ್ತದೆ. ಕ್ಯಾಮ್ ನಟ್ಟು ಬಿಗಿದು, ಎಂಜಿನನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಚುಕ್ಕಿಗಳು ಮತ್ತೆ ಎದುರಾಗದಿದ್ದರೆ ಒಂದು ಹಲ್ಲು ತಪ್ಪಿದೆ. ಬಿಚ್ಚಿ ಮತ್ತೆ ಜೋಡಿಸಿ.

ಕವರಿಗೆ ಹೊಸ ಆಯಿಲ್ ಸೀಲ್, ಗ್ಯಾಸ್ಕೆಟ್ ಕಡ್ಡಾಯ. ಮೊದಲು ಬೋಲ್ಟುಗಳನ್ನು ಸಡಿಲವಾಗಿಯೇ ಹಾಕಿ, ಎಣ್ಣೆ ಸವರಿದ ಪುಲ್ಲಿಯನ್ನು ಸೀಲಿನೊಳಗೆ ತೂರಿಸಿ, ಆಮೇಲೆ ಬಿಗಿಯಿರಿ. ಇಗ್ನಿಷನ್ ಟೈಮಿಂಗ್ ಮತ್ತೆ ಹೊಂದಿಸಿ, ಆಯಿಲ್ ಬದಲಿಸಿ.

ಒಂದು ಸುತ್ತು ಹೋಗಿ ಬಂದು, ರಾತ್ರಿ ಎಂಜಿನಿನಡಿ ಹಳೆ ಪೇಪರ್ ಹಾಸಿ. ಬೆಳಿಗ್ಗೆ ಮುಂಭಾಗದಲ್ಲಿ ಎಣ್ಣೆ ಕಲೆ ಕಂಡರೆ ಸೀಲ್ ಸರಿಯಾಗಿ ಕೂತಿಲ್ಲ, ಪುಲ್ಲಿ ಮತ್ತೆ ಬಿಚ್ಚಬೇಕು.