ನಾಯಿಮರಿಗೆ ಪಾಠ ಎಂದಿನಿಂದ?

ಹೊಲ, ಹಟ್ಟಿ ಕಾಯುವ ನಾಯಿ ಬೆಳೆದಂತೆ ತಾನಾಗಿ ಕಲಿಯುತ್ತದೆಂಬ ನಂಬಿಕೆ ಹಲವು ರೈತರಲ್ಲಿದೆ. ಆದರೆ ಕೋಳಿ ಹಿಡಿಯುವ, ಕುರಿ ಅಟ್ಟುವ ದುರಭ್ಯಾಸ ಬೇರೂರಿದ ಮೇಲೆ ಬಿಡಿಸುವುದು ಕಷ್ಟ.

ಮರಿಗೆ 8 ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ಒಡಹುಟ್ಟಿದ ಮರಿಗಳೊಡನೆ ಆಡುತ್ತಲೇ ಅದು ಬಲವಾಗಿ ಕಚ್ಚದಿರುವುದನ್ನು ಕಲಿಯುತ್ತದೆ. ಸುಮಾರು 3ರಿಂದ 14 ವಾರಗಳ ನಡುವೆ ಹಿತವಾಗಿ ಪರಿಚಯವಾದ ಜೀವಿಗಳಿಗೆ, ಸದ್ದುಗಳಿಗೆ ಮುಂದೆ ಅಂಜುವುದು ಕಡಿಮೆ. ಆದ್ದರಿಂದ ಮನೆಗೆ ತಂದ ದಿನದಿಂದಲೇ ದನ, ಕುರಿ, ಕೋಳಿ, ಮಕ್ಕಳು, ಪಂಪ್‌ಸೆಟ್ಟಿನ ಸದ್ದು ಇವುಗಳನ್ನು ರೂಢಿ ಮಾಡಿಸಬೇಕು. ಲಸಿಕೆಗಳು ಮುಗಿಯುವವರೆಗೆ ಬೀದಿನಾಯಿಗಳ ಸಂಪರ್ಕ ಬೇಡ.

ಕಲಿಸುವ ಕ್ರಮ:

1. ಮೊದಲು ಹೆಸರು, ನಂತರ ‘ಬಾ’, ‘ಕೂರು’, ‘ಬೇಡ’. ಒಂದು ಕೆಲಸಕ್ಕೆ ಒಂದೇ ಮಾತು. ಮನೆಯವರೆಲ್ಲ ಅದನ್ನೇ ಬಳಸಬೇಕು.

2. ಊಟಕ್ಕೆ ಮುನ್ನ, 5 ನಿಮಿಷದಂತೆ ದಿನಕ್ಕೆ 3 ಬಾರಿ ಸಾಕು. ಹೇಳಿದಂತೆ ನಡೆದ ಕೂಡಲೇ ರೊಟ್ಟಿಯ ಚೂರು ಕೊಟ್ಟು ಮೈ ಸವರಬೇಕು. ತಡವಾಗಿ ಕೊಟ್ಟರೆ ಏತಕ್ಕೆಂದು ಮರಿಗೆ ತಿಳಿಯದು.

3. ಕೋಳಿ, ಕುರಿಗಳ ಬಳಿ ಹಗ್ಗ ಹಿಡಿದೇ ಬಿಡಬೇಕು. ಅಟ್ಟಲು ಹೊರಟರೆ ‘ಬೇಡ’ ಎಂದು ತಡೆಯಬೇಕು; ಸುಮ್ಮನಿದ್ದರೆ ತಿನಿಸು ಕೊಡಬೇಕು.

4. ಕರೆದಾಗ ಬಂದ ಮರಿಯನ್ನು ಎಂದೂ ಹೊಡೆಯಬಾರದು. ಹೊಡೆದರೆ ಮುಂದೆ ಕರೆದರೂ ಬಾರದು. ಹೆದರಿದ ನಾಯಿ ಕಚ್ಚುವ ಸಂಭವವೂ ಹೆಚ್ಚು.

3 ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದಿನ ಲಸಿಕೆಗಳನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ಹಾಕಿಸತಕ್ಕದ್ದು. ಆಟದಲ್ಲಿ ಹಲ್ಲು ತಾಗಿ ಗಾಯವಾದರೂ ಮರಿಯೆಂದು ಅಲಕ್ಷಿಸದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣುವುದು ಅವಶ್ಯ.